ಬೀರುವಿನಲ್ಲಿ ಎಷ್ಟು ಮೀಟರ್ ಬಟ್ಟೆ ಇರಬೇಕು?

ಕೌದಿ ಹೊಲಿಯೋಕೆ ಹೊಸ ಬಟ್ಟೆ ಕೊಳ್ತೀವಿ ಅಂದರೆ ಉತ್ತರ ಕರ್ನಾಟಕದ ಅಜ್ಜಿಯರು ನಗಬಹುದು. ಹಳೇ ಸೀರೆ, ಹರಿದ ಪಂಚೆ, ಮಕ್ಕಳಿಗೆ ಸಾಲದೆ ಹೋದ ಲಂಗ ಇವುಗಳಿಂದಲೇ ಹುಟ್ಟಿದ್ದು ಕೌದಿ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಒಂದು ಮೂಲೆಯಲ್ಲಿ ಸೂಜಿ ಹಾಕಿ, ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೈಗೆ ಸಿಕ್ಕ ತುಂಡನ್ನು ಜಾಗ ನೋಡಿ ಕೂರಿಸುತ್ತಾ ಹೋಗುವ ಆ ಕೆಲಸಕ್ಕೆ ಮೀಟರ್ ಲೆಕ್ಕ ಬೇಕಿಲ್ಲ. ಒಂದೇ ಅಳತೆಯ ಚೌಕಗಳನ್ನು ಕತ್ತರಿಸಿ ಮೆಷಿನ್‌ನಲ್ಲಿ ಜೋಡಿಸುವ ಕ್ವಿಲ್ಟ್‌ಗೆ ಕೈಹಾಕಿದರೆ ಮಾತ್ರ ಲೆಕ್ಕ ಬೇಕೇ ಬೇಕು. ಲೆಕ್ಕ ತಪ್ಪುವುದೂ ಎರಡು ಕಡೆ: ಅರ್ಧ ಹೊಲಿದಾಗ ಬಟ್ಟೆ ಸಾಲದೆ ಬರುತ್ತದೆ, ಇಲ್ಲವೇ ಯಾವತ್ತೂ ಹೊಲಿಯದ ಬಟ್ಟೆ ಬೀರು ತುಂಬಿಕೊಳ್ಳುತ್ತದೆ.

ಎರಡನೆಯದನ್ನು ತಪ್ಪು ಅಂತ ಯಾರೂ ಒಪ್ಪುವುದಿಲ್ಲ. ಚೆಂದದ ಪ್ರಿಂಟ್ ಕಂಡರೆ ಅರ್ಧ ಮೀಟರ್ ತಂದಿಟ್ಟುಕೊಂಡರೆ ಏನು ನಷ್ಟ, ಯಾವತ್ತಾದರೂ ಆಗುತ್ತದಲ್ಲ ಅನ್ನುತ್ತೇವೆ. ಆದರೆ ಅರ್ಧರ್ಧ ಮೀಟರಿನ 60 ತುಂಡು ಸೇರಿದರೆ 30 ಮೀಟರ್. ಅದರಲ್ಲಿ ಐದಾರು ಸಿಂಗಲ್ ಕ್ವಿಲ್ಟಿನ ಮೇಲ್ಭಾಗ, ಅಂದರೆ ಚೌಕ ಜೋಡಿಸಿದ ಪದರ ಆದೀತು, ಒಂದೇ ಒಂದು ಕ್ವಿಲ್ಟಿಗೂ ಅಡಿಬಟ್ಟೆ, ಅಂದರೆ ಕೆಳಪದರ ಆಗುವುದಿಲ್ಲ. ಸಂಗ್ರಹ ಹೆಚ್ಚೋ ಕಡಿಮೆಯೋ ಅಂತ ಕೇಳಿಕೊಳ್ಳುವ ಮೊದಲು, ಅದರಲ್ಲಿ ಯಾವ ಬಟ್ಟೆ ಯಾವ ಕೆಲಸಕ್ಕೆ ಬರುತ್ತದೆ ಅಂತ ನೋಡಬೇಕು.

ಒಂದು ಸಿಂಗಲ್ ಕ್ವಿಲ್ಟನ್ನೇ ಪೂರ್ತಿ ಬಿಡಿಸಿ ನೋಡೋಣ. ಅಳತೆ 60 ಇಂಚು ಅಗಲ, 90 ಇಂಚು ಉದ್ದ. ಬಟ್ಟೆ 44 ಇಂಚು ಪನ್ನದ, ಅಂದರೆ ಅಷ್ಟು ಅಗಲದ ಕಾಟನ್. ಈ 44ರಲ್ಲಿ ಎರಡೂ ಬದಿಯ ಗಟ್ಟಿ ಅಂಚು ಅರ್ಧರ್ಧ ಇಂಚು ಹೋಗುತ್ತದೆ. ಒಗೆದ ಮೇಲೆ ನೂರಕ್ಕೆ ಐದರಷ್ಟು ಕುಗ್ಗುತ್ತದೆ ಅಂತ ಹಿಡಿದರೆ ಕೈಗೆ ಉಳಿಯುವುದು 40 ಚಿಲ್ಲರೆ ಇಂಚು. ಲೆಕ್ಕವೆಲ್ಲ ಈ 40ರ ಮೇಲೆಯೇ ಆಗಬೇಕು. ಅಂಗಡಿಯಲ್ಲಿ ಹೇಳುವ 44ರ ಮೇಲೆ ಮಾಡಿದರೆ ಶುರುವಿನಲ್ಲೇ ಎಡವುತ್ತೇವೆ.

60 ಗುಣಿಸು 90 ಅಂದರೆ 5,400 ಚದರ ಇಂಚು; 40ರಿಂದ ಭಾಗಿಸಿದರೆ 135 ಇಂಚು, ಅಂದರೆ ಸುಮಾರು ಮೂರೂವರೆ ಮೀಟರ್. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ 'ಮೂರೂವರೆ ಕೊಡಿ' ಅನ್ನುತ್ತಾರೆ, ಸಾಲದೆ ಬರುವುದೂ ಇದೇ ಕಾರಣಕ್ಕೆ. ಹೊಲಿದ ಮೇಲೆ 5 ಇಂಚು ಕಾಣಬೇಕಾದ ಚೌಕವನ್ನು ಐದೂವರೆ ಇಂಚಿಗೆ ಕತ್ತರಿಸಬೇಕು, ನಾಲ್ಕೂ ಬದಿ ಕಾಲಿಂಚು ಹೊಲಿಗೆಗೆ ಹೋಗುತ್ತದೆ. ಅಡ್ಡಕ್ಕೆ 12, ಉದ್ದಕ್ಕೆ 18, ಒಟ್ಟು 216 ಚೌಕ. 40 ಇಂಚಿನ ಅಗಲದಲ್ಲಿ ಐದೂವರೆಯ ಏಳು ಚೌಕ ಕೂರುತ್ತವೆ, ಎಂಟನೆಯದು ಕೂರುವುದಿಲ್ಲ. 216ಕ್ಕೆ ಏಳೇಳು ಚೌಕದ 31 ಪಟ್ಟಿ ಬೇಕು. 31 ಗುಣಿಸು ಐದೂವರೆ 170.5 ಇಂಚು, 4.33 ಮೀಟರ್. ಉದ್ದದಲ್ಲೂ ಬಟ್ಟೆ ಕುಗ್ಗುವುದರಿಂದ ಅಂಗಡಿಯಲ್ಲಿ ಅಳೆಸಬೇಕಾದ್ದು 4.56. ಸೊಟ್ಟ ಕತ್ತರಿಸಿ ಕೊಟ್ಟದ್ದನ್ನು ನೇರ ಮಾಡಿಕೊಳ್ಳಲು, ಒಂದೆರಡು ಚೌಕ ಕೆಟ್ಟರೆ ಇರಲಿ ಅಂತ ಸೇರಿಸಿದರೆ 5 ಮೀಟರ್. ಮೂರೂವರೆಗೂ ಐದಕ್ಕೂ ಇರುವ ಈ ಒಂದೂವರೆ ಮೀಟರಿನಲ್ಲಿ ಸುಮಾರು ಅರ್ಧ ಪಾಲು ಹೊಲಿಗೆಯ ಒಳಗೇ ಅಡಗಿಹೋಗುತ್ತದೆ.

ಚೌಕ ದೊಡ್ಡದಾದರೆ ಹೊಲಿಗೆ ಕಡಿಮೆ, ಬಟ್ಟೆಯೂ ಉಳಿಯುತ್ತದೆ ಅನ್ನುವುದು ಅರ್ಧ ಮಾತ್ರ ನಿಜ. ಅದೇ 60×90ನ್ನು 10 ಇಂಚಿನ ಚೌಕದಲ್ಲಿ ಮಾಡಿ ನೋಡಿ. ಕತ್ತರಿಸುವ ಅಳತೆ ಹತ್ತೂವರೆ, 40 ಇಂಚಿನಲ್ಲಿ ಕೂರುವುದು ಮೂರೇ. 54 ಚೌಕಕ್ಕೆ 18 ಪಟ್ಟಿ, 189 ಇಂಚು. ಐದಿಂಚಿನ ಚೌಕಕ್ಕಿಂತ ಹೆಚ್ಚೇ ಆಯಿತು. ಪ್ರತಿ ಪಟ್ಟಿಯ ಕೊನೆಗೆ ಎಂಟೂವರೆ ಇಂಚು ಸುಮ್ಮನೆ ಉಳಿಯುವುದೇ ಇದಕ್ಕೆ ಕಾರಣ. ಒಂದೇ ಇಂಚು ಇಳಿಸಿ 9ರ ಚೌಕ ಮಾಡಿದರೆ ಕತ್ತರಿಸುವ ಅಳತೆ ಒಂಬತ್ತೂವರೆ; ನಾಲ್ಕು ಕೂತು ಎರಡೇ ಇಂಚು ಉಳಿಯುತ್ತದೆ. ಅಡ್ಡಕ್ಕೆ 7, ಉದ್ದಕ್ಕೆ 10 ಇಟ್ಟರೆ 63×90ರ ಕ್ವಿಲ್ಟ್ 171 ಇಂಚಿನಲ್ಲಿ ಮುಗಿಯುತ್ತದೆ. ಹಾಗಾಗಿ ವಿನ್ಯಾಸ ಗೊತ್ತುಮಾಡುವ ಮೊದಲು ಪನ್ನ ಗೊತ್ತಿರಬೇಕು. ಚೌಕದ ಅಳತೆಯನ್ನು ಪನ್ನಕ್ಕೆ ಹೊಂದಿಸುವುದು ಸುಲಭ, ಪನ್ನವನ್ನು ಬದಲಿಸಲು ಆಗುವುದಿಲ್ಲ.

ಈ ಕಾರಣಕ್ಕೇ ಅರ್ಧ ಮೀಟರ್ ಅನ್ನುವ ಅಭ್ಯಾಸ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. 50 ಸೆಂಟಿಮೀಟರ್ ಅಂದರೆ ಒಗೆದ ಮೇಲೆ 18.7 ಇಂಚು. ಐದೂವರೆಯ ಮೂರು ಪಟ್ಟಿ, 21 ಚೌಕ. 60 ಸೆಂಟಿಮೀಟರ್ ತಂದರೆ ಒಗೆದ ಮೇಲೆ 22.4 ಇಂಚು, ನಾಲ್ಕು ಪಟ್ಟಿ, 28 ಚೌಕ. ಬಟ್ಟೆ ಐದನೇ ಒಂದು ಪಾಲು ಹೆಚ್ಚಾದರೆ ಚೌಕ ಮೂರನೇ ಒಂದು ಪಾಲು ಹೆಚ್ಚಾಯಿತು. ಆದರೆ ಉಳಿಯುವುದು ಅರ್ಧ ಇಂಚೂ ಇಲ್ಲದ್ದರಿಂದ ಕತ್ತರಿ ಸ್ವಲ್ಪ ಓರೆಯಾದರೂ ನಾಲ್ಕನೇ ಪಟ್ಟಿ ಕೈತಪ್ಪುತ್ತದೆ. ಪಾಪ್ಲಿನ್, ಕೇಂಬ್ರಿಕ್‌ನಂಥ ನೇರ ನೇಯ್ಗೆಯ ಬಟ್ಟೆಯಾದರೆ ಅಂಚಿಗೆ ಕತ್ತರಿ ತಾಗಿಸಿ 'ಹರಿದು ಕೊಡಿ' ಅಂತ ಕೇಳಿ, ಎಳೆಯ ಜಾಡಿನಲ್ಲೇ ನೇರ ಹರಿಯುತ್ತದೆ. ಕತ್ತರಿಸಿಯೇ ಕೊಡುತ್ತಾರಾದರೆ 65 ಹೇಳುವುದು ವಾಸಿ. 9 ಇಂಚಿನ ಚೌಕ ಹೊಲಿಯುವವರಿಗಂತೂ ಅರ್ಧ ಮೀಟರ್ ಶುದ್ಧ ನಷ್ಟ. 18.7 ಇಂಚಿನಲ್ಲಿ ಒಂಬತ್ತೂವರೆಯ ಒಂದೇ ಪಟ್ಟಿ ಬರುತ್ತದೆ, ನಾಲ್ಕೇ ಚೌಕ. 55 ಸೆಂಟಿಮೀಟರ್ ತಂದಿದ್ದರೆ ಎಂಟು ಸಿಗುತ್ತಿತ್ತು.

ಈಗ ಅಡಿಬಟ್ಟೆ. ಯಾರೂ ಇದನ್ನು ಆಸೆಪಟ್ಟು ಕೊಳ್ಳುವುದಿಲ್ಲ, ಕೊನೆಗೆ ದುಡ್ಡು ಹೆಚ್ಚು ಹೋಗುವುದು ಇದಕ್ಕೇ. ಮೇಲ್ಭಾಗ, ನಡುಪದರ, ಅಡಿಬಟ್ಟೆ ಮೂರೂ ಸೇರಿಸಿ ಒತ್ತೊತ್ತಾಗಿ ಹೊಲಿಯುವಾಗ ಬಟ್ಟೆ ಒಳಗೆ ಎಳೆದುಕೊಳ್ಳುತ್ತದೆ, ಪದರ ಸ್ವಲ್ಪ ಜರುಗುತ್ತದೆ. ಅದಕ್ಕೆ ನಾಲ್ಕೂ ಕಡೆ ಮೂರು ಮೂರು ಇಂಚು ಹೆಚ್ಚಿರಬೇಕು. 60×90ಕ್ಕೆ ಅಡಿಬಟ್ಟೆ 66×96. 44 ಪನ್ನದಲ್ಲಿ 96 ಇಂಚಿನ ಎರಡು ತುಂಡು ಪಕ್ಕಪಕ್ಕ ಜೋಡಿಸಬೇಕು: 192 ಇಂಚು, ಕುಗ್ಗುವುದೂ ಸೇರಿ 5.13 ಮೀಟರ್, ಕೊಳ್ಳಬೇಕಾದ್ದು ಐದೂಕಾಲು. ಮೇಲ್ಭಾಗಕ್ಕಿಂತ ಹೆಚ್ಚು! ಜೋಡಿಸಿದರೆ ಅಗಲ ಎಪ್ಪತ್ತೊಂಬತ್ತೂವರೆ ಇಂಚು ಬರುತ್ತದೆ, ನಮಗೆ ಬೇಕಾದ್ದು 66. ಒಂದು ಬದಿಗೆ 13 ಇಂಚು ಅಗಲ, 96 ಇಂಚು ಉದ್ದದ ಪಟ್ಟಿ ಮಿಗುತ್ತದೆ.

ಈ ಮಿಗತೆಯನ್ನು ಚೌಕಕ್ಕೆ ಕತ್ತರಿಸಬೇಡಿ. ಕ್ವಿಲ್ಟಿನ ಸುತ್ತ ಅಂಚು ಮುಚ್ಚುವ ಅಂಚುಪಟ್ಟಿ ಬರುವುದು ಇದರಿಂದಲೇ. ಕ್ವಿಲ್ಟಿನ ಸುತ್ತಳತೆ 300 ಇಂಚು, ಮೂಲೆ ಮಡಚಲು, ತುದಿ ಸೇರಿಸಲು 12 ಸೇರಿಸಿದರೆ 312. 13 ಇಂಚಿನಲ್ಲಿ ಎರಡೂವರೆ ಇಂಚಿನ ಐದು ಪಟ್ಟಿ ಬರುತ್ತವೆ, ಒಂದೊಂದೂ 96 ಇಂಚು; ನಾಲ್ಕು ಸೇರಿಸಿದರೇ ಸಾಕು. ಉದ್ದದ ಎಳೆಯಲ್ಲಿ ಕತ್ತರಿಸಿದ ಪಟ್ಟಿ ಕಡಿಮೆ ಹಿಗ್ಗುತ್ತದೆ, ಜೋಡಣೆಯೂ ಕಡಿಮೆ. ಅಂಚುಪಟ್ಟಿಗೆ ಅಂತ ಬೇರೆ ಬಟ್ಟೆ ಕೊಂಡರೆ ಅಡ್ಡಕ್ಕೆ 40 ಇಂಚಿನ 9 ಪಟ್ಟಿ, ಅಂದರೆ ಸುಮಾರು 60 ಸೆಂಟಿಮೀಟರ್ ಬೇಕಾಗುತ್ತಿತ್ತು. ದುಂಡು ಮೂಲೆಯ ಕ್ವಿಲ್ಟಾದರೆ ಮಾತ್ರ ಓರೆಗೆ ಕತ್ತರಿಸಿದ ಪಟ್ಟಿಯೇ ಬೇಕು, ಅದಕ್ಕೆ ಒಂದು ಮೀಟರ್ ಬೇರೆಯೇ ತಂದುಬಿಡಿ.

58 ಇಂಚಿನ ದೊಡ್ಡ ಪನ್ನ ಸಿಕ್ಕರೆ ಲೆಕ್ಕ ಬದಲಾಗುತ್ತದೆ. ಕೈಗೆ ಉಳಿಯುವ ಅಗಲ 54. ಬಟ್ಟೆಯನ್ನು ಅಡ್ಡ ತಿರುಗಿಸಿ 66 ಇಂಚಿನ ಎರಡು ತುಂಡು ಜೋಡಿಸಿದರೆ ಸಿಂಗಲ್ ಕ್ವಿಲ್ಟಿಗೆ ಮೂರು ಮುಕ್ಕಾಲು ಮೀಟರ್ ಸಾಕು. ಅಂಚುಪಟ್ಟಿಗೆ ಮಾತ್ರ ಮಿಗುವುದಿಲ್ಲ, ಅದನ್ನು ಬೇರೆ ತರಬೇಕು. ಡಬಲ್, ಅಂದರೆ 90×100 ಇಂಚಿನದ್ದಕ್ಕೆ ದೊಡ್ಡ ಪನ್ನದ ಲಾಭ ಚೆನ್ನಾಗಿ ಕಾಣುತ್ತದೆ: 44ರಲ್ಲಿ ಮೂರು ತುಂಡು ಜೋಡಿಸಿ ಎಂಟು ಮೀಟರ್ ಬೇಕಾದರೆ, 58ರಲ್ಲಿ ಎರಡೇ ತುಂಡು, ಐದೂಕಾಲು ಮೀಟರ್. ಐದಿಂಚಿನ ಚೌಕದಲ್ಲಿ ಡಬಲ್‌ನ ಮೇಲ್ಭಾಗಕ್ಕೆ 360 ಚೌಕ, ಎಂಟು ಮೀಟರ್. ಒಟ್ಟಿನ ಮೇಲೆ 44 ಪನ್ನದಲ್ಲಿ ಸಿಂಗಲ್‌ಗೆ ಹತ್ತೂಕಾಲು ಮೀಟರ್, ಡಬಲ್‌ಗೆ 16. ಈ ಎರಡು ಸಂಖ್ಯೆ ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ತಡಬಡಿಸಬೇಕಿಲ್ಲ.

ಅಡಿಬಟ್ಟೆಗೆ ಹಳೇ ಕಾಟನ್ ಸೀರೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಗೆದೊಗೆದು ಮೆತ್ತಗಾಗಿರುತ್ತದೆ, ಕುಗ್ಗುವಷ್ಟು ಕುಗ್ಗಿಯಾಗಿದೆ, ಬಣ್ಣ ಬಿಡುವಷ್ಟು ಬಿಟ್ಟಾಗಿದೆ. ಐದೂವರೆ ಮೀಟರಿನ ಸೀರೆಯನ್ನು ನಡುವೆ ಹರಿದು ಪಕ್ಕಪಕ್ಕ ಜೋಡಿಸಿದರೆ ಸುಮಾರು 87×108 ಇಂಚು, ಸಿಂಗಲ್‌ಗೆ ಧಾರಾಳ. ಡಬಲ್‌ಗೆ ಅಗಲದಲ್ಲಿ ಎಂಟೊಂಬತ್ತು ಇಂಚು ಸಾಲದು, ನಡುವೆ ಬೇರೆ ಬಣ್ಣದ ಒಂದು ಪಟ್ಟಿ ಸೇರಿಸಿ. ಸೀರೆಯನ್ನು ಕಿಟಕಿಗೆ ಹಿಡಿದು ಬೆಳಕಿನಲ್ಲಿ ನೋಡಿದ ಮೇಲೇ ಕತ್ತರಿ ಹಾಕಬೇಕು. ಕೂರುವ ಜಾಗದಲ್ಲಿ, ನೆರಿಗೆ ಸಿಕ್ಕಿಸುವ ಜಾಗದಲ್ಲಿ ಎಳೆ ಸವೆದು ಜಾಳಾಗಿರುತ್ತದೆ. ಎರಡು ಹೆಬ್ಬೆರಳಲ್ಲಿ ಎಳೆದು ನೋಡಿದಾಗ ಚರ್ ಅಂದರೆ ಆ ಭಾಗ ಬಿಟ್ಟುಬಿಡಿ. ಹಾಗೆಯೇ ಎಂಟು ಮೊಳದ ಹಳೇ ಪಂಚೆ ನಡುಪದರಕ್ಕೆ ಚೆನ್ನ. 3.6 ಮೀಟರನ್ನು ಎರಡು ಮಾಡಿ ಜೋಡಿಸಿದರೆ 50 ಇಂಚು ಅಗಲದ ಪಂಚೆಯಿಂದ 71×99 ಇಂಚು ಸಿಗುತ್ತದೆ, 66×96ಕ್ಕೆ ಹೇಳಿ ಮಾಡಿಸಿದ ಅಳತೆ. ಮಲೆನಾಡಿನ ಮಳೆಗಾಲದಲ್ಲಿ ಒಗೆದು ಒಣಗಿಸಬೇಕಾದ ಹೊದಿಕೆಗೆ ಹತ್ತಿ ತುಂಬುವುದಕ್ಕಿಂತ ಇಂಥ ಒಂದೆರಡು ಪದರ ಅಥವಾ ಹಾಸಿಗೆ ಅಂಗಡಿಯ ತೆಳು ಫೈಬರ್ ಶೀಟ್ ಮೇಲು.

ಇನ್ನು ರವಿಕೆ ಕಣ. ಗೌರಿ ಹಬ್ಬದ ಬಾಗಿನ, ಮದುವೆ, ಸೀಮಂತ, ಗೃಹಪ್ರವೇಶ ಅಂತ ಅರಿಶಿನ ಕುಂಕುಮದ ಜೊತೆ ಬಂದ ಕಣಗಳು ಪ್ರತಿ ಮನೆಯ ಬೀರುವಿನಲ್ಲೂ ಒಂದು ಕಟ್ಟು ಇದ್ದೇ ಇರುತ್ತವೆ. ಹೊಲಿಸಿಕೊಳ್ಳುವುದಿಲ್ಲ, ಬಿಸಾಡುವುದಿಲ್ಲ, ಇನ್ನೊಬ್ಬರಿಗೆ ದಾಟಿಸುತ್ತೇವೆ. ಕ್ವಿಲ್ಟ್ ಹೊಲಿಯುವವರ ಪಾಲಿಗೆ ಇದು ಪುಕ್ಕಟೆ ದಾಸ್ತಾನು. 80 ಸೆಂಟಿಮೀಟರಿನ ಒಂದು ಕಣದಲ್ಲಿ ಐದೂವರೆಯ ಐದು ಪಟ್ಟಿ ಬರುತ್ತವೆ. 44 ಪನ್ನವಾದರೆ 35 ಚೌಕ, 36 ಪನ್ನವಾದರೆ ಬಿಗಿಯಾಗಿ 30. 216 ಚೌಕಕ್ಕೆ ಏಳು ಅಥವಾ ಎಂಟು ಕಣ ಸಾಕು.

ಆದರೆ ಕಣಗಳೆಲ್ಲ ಕಾಟನ್ ಅಲ್ಲ. ಪಾಲಿಯೆಸ್ಟರ್ ಬೆರೆತದ್ದು ಬಹಳ. ಅಂಚಿನಿಂದ ನಾಲ್ಕು ಎಳೆ ಕಿತ್ತು, ಹಳೇ ತಟ್ಟೆಯ ಮೇಲೆ ಹಿಡಿದು ಬೆಂಕಿ ತಾಗಿಸಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಕರಗುವುದನ್ನು ಕಾಟನ್ ಜೊತೆ ಸೇರಿಸಿದರೆ ಎರಡು ತೊಂದರೆ: ಕಾಟನ್ ಕುಗ್ಗಿದಾಗ ಪಾಲಿಯೆಸ್ಟರ್ ಚೌಕ ಕುಗ್ಗದೆ ಉಬ್ಬಿಕೊಳ್ಳುತ್ತದೆ, ಕಾಟನ್‌ಗೆ ಬೇಕಾದ ಬಿಸಿಯಲ್ಲಿ ಇಸ್ತ್ರಿ ಮಾಡಿದರೆ ಅದು ಮುದುರುತ್ತದೆ. ಕರಗಿದ ಕಣಗಳನ್ನೆಲ್ಲ ಒಂದು ಕಡೆ ಹಾಕಿ, ಅವುಗಳದೇ ಬೇರೆ ಹೊದಿಕೆ ಮಾಡಿ. ದಪ್ಪದಲ್ಲೂ ಹೀಗೆಯೇ. ಖಾದಿಯ ಪಕ್ಕ ಮಲ್‌ಮಲ್ ಕೂರಿಸಿದರೆ ಹೊಲಿಗೆಯ ಗುಂಟ ಮಲ್‌ಮಲ್ಲೇ ಮೊದಲು ಹರಿಯುತ್ತದೆ.

ಕಣಗಳ ಇನ್ನೊಂದು ಕೊರತೆ ಬಣ್ಣದ್ದು. ಕಡುಗೆಂಪು, ಹಸಿರು, ನೇರಳೆ, ಅರಿಶಿನ. ತಿಳಿಬಣ್ಣ ಹುಡುಕಿದರೂ ಸಿಗುವುದು ಅಪರೂಪ. ಅಂಗಡಿಯಲ್ಲಿ ಆಸೆಪಟ್ಟು ತರುವ ಪ್ರಿಂಟುಗಳೂ ಹೆಚ್ಚಾಗಿ ನಡುಬಣ್ಣ ಅಥವಾ ಕಡುಬಣ್ಣದವೇ. ಎಲ್ಲವನ್ನೂ ಜೋಡಿಸಿ ದೂರ ನಿಂತು ನೋಡಿದರೆ ವಿನ್ಯಾಸವೇ ಕಾಣದೆ ಒಂದೇ ಮಬ್ಬಾಗಿ ಕಾಣುತ್ತದೆ. ಬಟ್ಟೆಗಳನ್ನು ಸಾಲಾಗಿ ಹಾಸಿ ಮೊಬೈಲ್‌ನಲ್ಲಿ ಕಪ್ಪು ಬಿಳುಪು ಫೋಟೊ ತೆಗೆದರೆ ಗುಟ್ಟು ತಿಳಿಯುತ್ತದೆ: ಬೇರೆ ಬೇರೆ ಅಂದುಕೊಂಡ ಹಸಿರು, ಕೆಂಪು, ನೀಲಿ ಮೂರೂ ಒಂದೇ ಬೂದು. ಆದ್ದರಿಂದ ಮುಂದಾಗಿ ಕೊಂಡಿಡುವುದಿದ್ದರೆ ಅದು ತಿಳಿಬಣ್ಣ. ಕೆನೆ, ತಿಳಿಬೂದು, ಬಿಳಿಯ ಮೇಲೆ ಸಣ್ಣ ಚುಕ್ಕೆ, ಇಂಥದ್ದು ಮೂರು ಮೀಟರ್ ಒಟ್ಟಿಗೇ. ಒಂದೇ ಥಾನಿನಿಂದ ತರಬೇಕು. ಕೆನೆಬಣ್ಣ ಸಾಲದೆ ಮತ್ತೆ ಹೋದಾಗ ಸಿಗುವ ಕೆನೆಗೂ ಮೊದಲಿನದಕ್ಕೂ ತಾಳೆಯಾಗುವುದು ಅದೃಷ್ಟದ ಮಾತು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಹೊಂದಿದ್ದು ಬಿಸಿಲಲ್ಲಿ ಹೊಂದದೆ ಇರಬಹುದು, ಥಾನನ್ನು ಬಾಗಿಲ ತನಕ ತಂದು ನೋಡಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಹಾಗಾದರೆ ಒಟ್ಟು ಎಷ್ಟು ಇಟ್ಟುಕೊಳ್ಳಬೇಕು? ಹೋದ ವರ್ಷ ಅಂಚು ಕಟ್ಟಿ ಮುಗಿಸಿದ ಕ್ವಿಲ್ಟ್ ಎಷ್ಟು ಅನ್ನುವುದರ ಮೇಲೆ ಲೆಕ್ಕ ಹಾಕಬೇಕು. ಶುರುಮಾಡಿದ್ದು, ಮೇಲ್ಭಾಗ ಮಾತ್ರ ಆಗಿದ್ದು ಲೆಕ್ಕಕ್ಕಿಲ್ಲ. ವರ್ಷಕ್ಕೆ ಎರಡು ಸಿಂಗಲ್ ಮುಗಿಸುವವರು ಖರ್ಚು ಮಾಡುವುದು ಇಪ್ಪತ್ತೂವರೆ ಮೀಟರ್. ಒಂದೂವರೆ ವರ್ಷದ್ದು ಕೈಯಲ್ಲಿರಲಿ ಅಂದರೆ 30 ಮೀಟರ್. ಅದರಲ್ಲೂ ಅಡಿಬಟ್ಟೆ ಮುಂದಾಗಿ ಕೊಳ್ಳುವ ವಸ್ತುವಲ್ಲ, ಮೇಲ್ಭಾಗ ಹೊಲಿದು ಅಳತೆ ಗಟ್ಟಿಯಾದ ಮೇಲೆ ತಂದರೆ ಸಾಕು. ಅದನ್ನು ಕಳೆದರೆ ಬೀರುವಿನಲ್ಲಿ ಇರಬೇಕಾದ್ದು 15 ಮೀಟರ್. ಅರ್ಧ ತಿಳಿಬಣ್ಣ ಮತ್ತು ಸಾದಾ, ಇನ್ನರ್ಧ ಪ್ರಿಂಟು.

ಈಗಾಗಲೇ ಇರುವ ರಾಶಿಯನ್ನು ಮೀಟರಿನಲ್ಲಿ ಅಳೆಯುತ್ತಾ ಕೂತರೆ ದಿನ ಸಾಲದು. ತೂಕ ಹಾಕಿ. ಚದರ ಮೀಟರಿಗೆ 115 ಗ್ರಾಂ ಆಸುಪಾಸಿನ ಪಾಪ್ಲಿನ್ 44 ಪನ್ನದಲ್ಲಿ ಒಂದು ಮೀಟರಿಗೆ ಸುಮಾರು 130 ಗ್ರಾಂ ತೂಗುತ್ತದೆ, ಅಂದರೆ ಕಿಲೋಗೆ ಏಳೂವರೆಯಿಂದ ಎಂಟು ಮೀಟರ್. ಕೈಚೀಲದಲ್ಲಿ ತುಂಬಿ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿದರೆ ಮುಗಿಯಿತು. ಎರಡು ಕಿಲೋ ಇದ್ದರೆ 15 ಮೀಟರ್. ಹತ್ತು ಕಿಲೋ ತೂಗಿದರೆ 75 ಮೀಟರ್ ಅಂತಾಯಿತು. ವರ್ಷಕ್ಕೆ ಎರಡು ಹೊಲಿಯುವವರಿಗೆ ಬರೀ ಮೇಲ್ಭಾಗಕ್ಕೇ ಏಳೂವರೆ ವರ್ಷದ ಬಟ್ಟೆ.

ಗಾರ್ಮೆಂಟ್ಸ್‌ನ ಕಟಿಂಗ್ ಚಿಂದಿಯನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವವರಿಗೂ ಈ ತೂಕ ಉಪಯೋಗಕ್ಕೆ ಬರುತ್ತದೆ. 216 ಚೌಕದ ಮೇಲ್ಭಾಗದ ತೂಕ ಅರ್ಧ ಕಿಲೋಗೂ ಸ್ವಲ್ಪ ಕಡಿಮೆ. ಚಿಂದಿಯಲ್ಲಿ ಐದೂವರೆ ಇಂಚಿನ ಚೌಕ ಹೊರಡುವ ತುಂಡು ಅರ್ಧದಷ್ಟು ಸಿಕ್ಕರೆ ಪುಣ್ಯ. ಒಂದು, ಒಂದೂಕಾಲು ಕಿಲೋ ಸಾಕು; ಐದು ಕಿಲೋದ ಮೂಟೆ ಅಗ್ಗ ಅಂತ ಹೊತ್ತು ತರುವುದು ಬೇಡ. ಬನಿಯನ್, ಟೀಶರ್ಟ್ ಬಟ್ಟೆ ಬೆರೆತಿದ್ದರೆ ಮೊದಲೇ ಬೇರ್ಪಡಿಸಿ, ಎಳೆದರೆ ಹಿಗ್ಗುವ ತುಂಡು ಚೌಕವಾಗಿ ನಿಲ್ಲುವುದಿಲ್ಲ.

ಒಂದೂವರೆ ವರ್ಷ ಅಂದೆನಲ್ಲ, ಅದು ಊರಿನ ಮೇಲೂ ಹೋಗುತ್ತದೆ. ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದ ಒಣ ಹವೆಯಲ್ಲಿ ಎರಡು ವರ್ಷದ ಬಟ್ಟೆ ಇಟ್ಟರೂ ಕೆಡುವುದಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯಲ್ಲಿ ಆ ಧೈರ್ಯ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಿಟ್ಟ ಬೀರುವಿನೊಳಗೆ ಮುಗ್ಗಲು ವಾಸನೆ ಹತ್ತಿದ ಮೇಲೆ ಬೂಷ್ಟು ಬರಲು ಹೆಚ್ಚು ದಿನ ಬೇಡ. ಕಾಟನ್ ಮೇಲೆ ಕೂತ ಕಪ್ಪು ಚುಕ್ಕೆ ಎಷ್ಟು ಒಗೆದರೂ ಪೂರ್ತಿ ಹೋಗುವುದಿಲ್ಲ. ಆ ಕಡೆಯವರಿಗೆ ಮಳೆ ಶುರುವಾಗುವ ಹೊತ್ತಿಗೆ ಆ ಮಳೆಗಾಲದಲ್ಲಿ ಹೊಲಿಯುವಷ್ಟೇ ಬಟ್ಟೆ ಉಳಿದಿದ್ದರೆ ಕ್ಷೇಮ. ಹಾಸನ, ಚಿಕ್ಕಮಗಳೂರು ಪಟ್ಟಣಗಳು ಇವೆರಡರ ನಡುವೆ.

ತಮಾಷೆ ನೋಡಿ, ರಿಯಾಯಿತಿ ಬರುವುದೂ ಆಷಾಢದಲ್ಲೇ. ಆಷಾಢದಲ್ಲಿ ಶುಭಕಾರ್ಯಕ್ಕೆ ಜವಳಿ ತೆಗೆಯುವವರಿಲ್ಲ, ಅಂಗಡಿಯವರು ಬೆಲೆ ಇಳಿಸುತ್ತಾರೆ, ನಾವು ಚೀಲ ತುಂಬಿಸಿ ತರುತ್ತೇವೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಗಂಜಿಯಿರುವ ಬಟ್ಟೆ ತೇವ ಹಿಡಿದರೆ ಬೂಷ್ಟಿಗೂ ಆಹಾರ, ಸಿಲ್ವರ್‌ಫಿಶ್ ಹುಳಕ್ಕೂ ಜಿರಳೆಗೂ ಆಹಾರ. ಒಗೆದಿಡೋಣ ಅಂದರೆ ವಾರಗಟ್ಟಲೆ ಬಿಸಿಲಿಲ್ಲ. ಆಷಾಢದಲ್ಲಿ ಕೊಳ್ಳಲೇಬೇಕಾದರೆ ಫ್ಯಾನಿನ ಕೆಳಗೆ ಒಂದೇ ಸಲ ಒಣಗಿಸಲು ಆಗುವಷ್ಟೇ ಕೊಳ್ಳಿ, ನಾಲ್ಕೈದು ಮೀಟರ್. ಅದನ್ನು ತಂದ ದಿನವೇ ನೆನೆಸಿ ಗಂಜಿ ತೆಗೆದು, ಇಸ್ತ್ರಿ ಪೆಟ್ಟಿಗೆಯ ಬಿಸಿಯಲ್ಲಿ ಕೊನೆಯ ತೇವವನ್ನೂ ಓಡಿಸಿ ಒಳಗಿಡಿ.

ಒಗೆಯುವಾಗ ಕೆಂಪು, ಕಂದು, ಇಂಡಿಗೊ ನೀಲಿ, ಅಚ್ಚು ಹಾಕಿದ ಬಟ್ಟೆಗಳನ್ನು ಒಂದೊಂದಾಗಿಯೇ ನೆನೆಸಬೇಕು. ಹಸಿಯಿದ್ದಾಗ ಬಿಳಿ ಚಿಂದಿಯಲ್ಲಿ ಗಟ್ಟಿಯಾಗಿ ಉಜ್ಜಿ ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ಇನ್ನೊಮ್ಮೆ ಒಗೆತ. ಮೂರ್ನಾಲ್ಕು ಒಗೆತಕ್ಕೂ ನಿಲ್ಲದಿದ್ದರೆ ಆ ಬಟ್ಟೆಯನ್ನು ತಿಳಿಬಣ್ಣದ ಪಕ್ಕ ಹಾಕಲೇಬೇಡಿ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪು ಎಳೆಗೆ ಬಣ್ಣ ಹಿಡಿಯಲು ನೆರವಾಗುತ್ತದೆ ನಿಜ, ಬಣ್ಣ ಹಾಕಿಯಾದ ಬಟ್ಟೆಯಲ್ಲಿ ಸಡಿಲ ಉಳಿದ ಬಣ್ಣವನ್ನು ಅದು ಕಟ್ಟಿಹಾಕುವುದಿಲ್ಲ. ಸಡಿಲ ಬಣ್ಣವನ್ನು ತೊಳೆದು ಕಳೆಯುವುದೊಂದೇ ದಾರಿ.

ಇಡುವ ಕ್ರಮದಲ್ಲಿ ಹೆಚ್ಚು ಹೇಳುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಟ್ಟಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ. ಕಬ್ಬಿಣದ ಬೀರುವಿನ ಬಣ್ಣ ಎದ್ದ ಜಾಗದಲ್ಲಿ ತುಕ್ಕು ತಾಗಿದರೆ ಬಿಳಿ ಬಟ್ಟೆ ಕೆಟ್ಟಂತೆಯೇ, ಅಡಿಗೆ ಖಾಕಿ ಕಾಗದ ಹಾಸಿ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ನುಸಿಗುಳಿಗೆ ಹುಳಕ್ಕೆ, ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಮಳೆ ಬಿಟ್ಟ ಮೇಲೆ ಒಮ್ಮೆ ಎಲ್ಲವನ್ನೂ ನೆರಳಿನ ಗಾಳಿಗೆ ಹರವಿ, ಮಡಿಕೆ ಬದಲಿಸಿ ಮತ್ತೆ ಮಡಚಿ. ಹೊರಗೆ ಕಾಣುವ ಮಡಿಕೆಯ ಗೆರೆಯಲ್ಲೇ ಬಣ್ಣ ಮಾಸುತ್ತದೆ. ಒಗೆದದ್ದೋ ಅಲ್ಲವೋ, ಪನ್ನ ಎಷ್ಟು, ಉದ್ದ ಎಷ್ಟು, ಈ ಮೂರನ್ನು ಚೀಟಿಯಲ್ಲಿ ಬರೆದು ಪಿನ್ನು ಚುಚ್ಚಿಟ್ಟರೆ ಪ್ರತಿ ಸಲ ಬಿಚ್ಚಿ ಅಳೆಯುವ ಕೆಲಸ ತಪ್ಪುತ್ತದೆ. ಪಿನ್ನು ತುಕ್ಕು ಹಿಡಿಯದ್ದಾಗಿರಲಿ.

ಇಷ್ಟಾಗಿಯೂ ಸಾಲದೆ ಬರುವುದು ಇದ್ದೇ ಇದೆ. ಹತ್ತು ಹನ್ನೆರಡು ಚೌಕ ಕಡಿಮೆಯಾದರೆ ಒಂದು ಸಾಲು ಬಿಡಿ. 12×17ರಲ್ಲಿ 204 ಚೌಕ, ಉದ್ದ 85 ಇಂಚು, ಮಲಗುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಐವತ್ತರ ಹತ್ತಿರ ಕಡಿಮೆಯಾಗಿ, ಅದೇ ಥಾನು ಮುಗಿದಿದ್ದರೆ ಹುಡುಕಿಕೊಂಡು ಅಲೆಯಬೇಡಿ. ನಡುವೆ 10×16ರಂತೆ 160 ಚೌಕ ಜೋಡಿಸಿ 50×80 ಮಾಡಿ, ಸುತ್ತ 5 ಇಂಚಿನ ಸಾದಾ ಬಟ್ಟೆಯ ಚೌಕಟ್ಟು ಕೊಟ್ಟರೆ ಮತ್ತೆ 60×90ಕ್ಕೇ ಬರುತ್ತದೆ. ಚೌಕಟ್ಟಿಗೆ ಐದೂವರೆ ಇಂಚಿನ ಎಂಟು ಪಟ್ಟಿ, ಒಂದೂಕಾಲು ಮೀಟರ್. ಬಣ್ಣ ಒಳಗಿನ ಚೌಕಗಳಲ್ಲಿ ಎಲ್ಲಕ್ಕಿಂತ ಕಡುವಾದದ್ದು ಯಾವುದೋ ಅದಕ್ಕೆ ಹೊಂದುವಂಥದ್ದು ಇರಲಿ, ಹೊದಿಕೆಯ ಅಂಚು ಬೇಗ ಕೊಳೆಯಾಗುತ್ತದೆ.